ನನ್ನ ಅಳತೆಯ ಹಗ್ಗ

ಬುಧವಾರ, ನಿನ್ನ ಬೆಳಗಿನ ಪಾಳಿಗೆ ಮುನ್ನ

ನನ್ನ ಮುದ್ದಿನ ಗಡಿಬಿಡಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮವೆಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ಮೇಲಧಿಕಾರಿಗಳಿಗೆ ಅರ್ಜಿ ಸಲ್ಲಿಸಿದಂತೆ ಅಮ್ಮ ಕಾಗದ ಬರೆಯುತ್ತಾಳೆಂದು ನೀನು ನಗುವುದು ನನಗೆ ಗೊತ್ತು. ಇಡೀ ಕಾರ್ಖಾನೆಯ ಹೆಂಗಸರ ಅರ್ಜಿಗಳನ್ನು ಬರೆದು ಪಳಗಿದ ಕೈ ಇದು. ಮಗಳಿಗೆಂದು ಬೇರೊಂದು ಶೈಲಿಯನ್ನು ಎಲ್ಲಿಂದ ತರಲಿ? ನಾನೇ ಬರೋಣವೆಂದರೆ ಮಂಡಿಗಳು ಅನುಮತಿ ಕೊಡುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ನಾನು ಬಾಯಿ ತೆರೆಯುವ ಮೊದಲೇ ಆಯ್ತಮ್ಮ, ಆಯ್ತು, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೀ. ಆದುದರಿಂದ ಈ ಪತ್ರ. ಇದನ್ನು ಕೆಲಸಕ್ಕೆ ಕೂರುವ ಮೊದಲೇ ಓದತಕ್ಕದ್ದು.

ತಗಡಿನ ಮುಚ್ಚಳ ಒತ್ತುವ ಆ ಯಂತ್ರದ ಮುಂದೆ ನಾನು ಆಯುಷ್ಯದ ಬಹುಭಾಗ ಕಳೆದವಳು. ಕಾರ್ಖಾನೆ ಈಗ ನೀನಿರುವ ಊರಿಗೆ ಹೋದಾಗ ನಾನು ನಿವೃತ್ತಳಾದೆ, ನೀನು ಯಂತ್ರದ ಹಿಂದೆಯೇ ಹೋದೆ. ಅದರ ಎರಡು ಹಗ್ಗಗಳ ಮರ್ಮ ನಿನಗೆ ತಿಳಿಯದ್ದಲ್ಲ. ಮಣಿಕಟ್ಟುಗಳಿಗೆ ಚರ್ಮದ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಯಂತ್ರದ ತೋಳಿಗೆ. ಮೇಲಿನ ಅಚ್ಚು ಇಳಿಯುವಾಗ ಹಗ್ಗ ತಾನಾಗಿ ಕೈಗಳನ್ನು ಹಿಂದಕ್ಕೆಳೆಯುತ್ತದೆ. ಮನಸ್ಸು ಎಲ್ಲೋ ಹೋಗಿದ್ದರೂ, ಕಣ್ಣಿಗೆ ಜೊಂಪು ಹತ್ತಿದ್ದರೂ ಎಳೆಯುತ್ತದೆ. ನನ್ನ ಹತ್ತು ಬೆರಳುಗಳು ಇಂದಿಗೂ ಹತ್ತಾಗಿಯೇ ಉಳಿದಿರುವುದು ಅದರ ಕೃಪೆಯಿಂದ.

ಮುಂದಿನದನ್ನು ಯಾರ ಎದುರಿಗೂ ಓದಬೇಡ. ನೀನು ಆ ಯಂತ್ರಕ್ಕೆ ಕುಳಿತ ದಿನದಿಂದ ನನ್ನ ಮಣಿಕಟ್ಟುಗಳನ್ನು ಯಾರೋ ಎಳೆಯುತ್ತಿದ್ದಾರೆ. ಬಟ್ಟೆ ಮಡಿಸುತ್ತಿರಲಿ, ಬಾಗಿಲ ಚಿಲಕ ಹಾಕುತ್ತಿರಲಿ, ಎರಡೂ ಕೈ ತಟ್ಟನೆ ಎದೆಯತ್ತ ಬರುತ್ತವೆ, ಸಡಿಲವಾಗುತ್ತವೆ, ಮತ್ತೆ ಬರುತ್ತವೆ. ಪಕ್ಕದ ಮನೆಯ ದರ್ಜಿಯಮ್ಮ ನೋಡಿ, ಏನಕ್ಕಾ, ತಾಳ ಹಾಕ್ತಿದ್ದೀರಲ್ಲ, ಹಾಡು ಯಾವುದು ಎಂದು ಗೇಲಿ ಮಾಡಿದಳು. ಹಳೆಯ ಕೆಲಸವನ್ನು ಮೈ ಇನ್ನೂ ಮರೆತಿಲ್ಲವೆಂದು ನಾನೂ ನಕ್ಕೆ. ಆದರೆ ನಿಮ್ಮ ಊಟದ ಬಿಡುವಿಗೆ ಕೈಗಳು ಸುಮ್ಮನಾಗುತ್ತವೆ. ನಿನ್ನ ವಾರದ ರಜೆಯಂದು ದಿನವಿಡೀ ಸುಮ್ಮನಿರುತ್ತವೆ. ಕಳೆದ ವಾರ ಒಂದು ಮಧ್ಯಾಹ್ನ ಪಾಳಿಯ ನಡುವೆಯೇ ನಿಂತುಹೋದವು. ನಮ್ಮ ಬೀದಿಯ ಗೋದಾಮಿಗೆ ಮುಚ್ಚಳ ತರುವ ಲಾರಿ ಚಾಲಕರು ಸಾಯಂಕಾಲ ಬಂದು, ಮಧ್ಯಾಹ್ನದಿಂದ ಅಲ್ಲಿ ಕರೆಂಟೇ ಇಲ್ಲ ಕಣಮ್ಮ, ಎಲ್ರೂ ಕೈಕಟ್ಟಿ ಕೂತಿದ್ದಾರೆ ಎಂದರು. ನನ್ನನ್ನು ಎಳೆಯುತ್ತಿರುವುದು ನಿನ್ನ ಯಂತ್ರದ ಹಗ್ಗವೆಂದು ಆಗ ತಿಳಿಯಿತು.

ಬರಿಯ ಎಳೆತವಾಗಿದ್ದರೆ ಸಹಿಸುತ್ತಿದ್ದೆ. ಪ್ರತಿ ಎಳೆತದ ಕೊನೆಯಲ್ಲಿ ತಣ್ಣನೆಯ ಒಂದು ಭಾರ ಬಂದು ಸವರುತ್ತದೆ. ಬೆರಳನ್ನಲ್ಲ. ಬೆರಳು ಮುಗಿದ ಮೇಲೆ, ಉಗುರಿನಿಂದಾಚೆ, ಏನೂ ಇಲ್ಲದ ಜಾಗವನ್ನು. ಅಲ್ಲಿ ನನಗೆ ಚರ್ಮವಿಲ್ಲ, ಮೂಳೆಯಿಲ್ಲ. ಆದರೂ ಅಲ್ಲಿ ನೋಯುತ್ತದೆ. ಕಿಟಕಿಯ ಬಿಸಿಲಿಗೆ ಕೈ ಚಾಚಿ ಗೋಡೆಯ ಮೇಲಿನ ನೆರಳನ್ನು ನೋಡಿದೆ. ನೆರಳಿನ ಬೆರಳುಗಳು ನನ್ನವಾಗಿರಲಿಲ್ಲ. ಅರ್ಧ ಗೆಣ್ಣು ಉದ್ದವಾಗಿದ್ದವು. ಬೆರಳು ಅಪ್ಪನದು, ಬಾಯಿ ಅಮ್ಮನದು ಎಂದು ನಿನ್ನನ್ನು ಎಲ್ಲರೂ ರೇಗಿಸುತ್ತಿದ್ದುದು ಆಗ ನೆನಪಾಯಿತು.

ಚಾಲಕರನ್ನು ಕೂರಿಸಿ ವಿಚಾರಿಸಿದೆ. ನನ್ನ ಕೈಗೆ ಕಟ್ಟಿದ್ದ ಹಗ್ಗದ ಅಳತೆಯನ್ನು ಫಿಟ್ಟರ್ ನಿನಗೆ ತಕ್ಕಂತೆ ಬದಲಿಸಲು ಬಂದಾಗ, ಅಮ್ಮನ ಕೈ ಕಾಯ್ದ ಹಗ್ಗ, ನನ್ನ ಕೈನೂ ಕಾಯತ್ತೆ, ಮುಟ್ಟಿದ್ರೆ ನೋಡಿ ಎಂದು ನೀನು ಗದರಿದೆಯಂತೆ. ಆತನೂ, ಒಂದು ಕೆಲಸ ಉಳೀತು ಬಿಡವ್ವ ಎಂದು ಹೊರಟುಹೋದನಂತೆ. ಅದನ್ನು ಕೇಳಿ ಮೊದಲು ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದಿಲ್ಲ. ಮರುಕ್ಷಣವೇ ನೆರಳಿನ ಆ ಉದ್ದ ಬೆರಳುಗಳು ಕಣ್ಣಮುಂದೆ ಬಂದವು. ಮಗಳೇ, ಹಗ್ಗ ಎಳೆಯುವುದು ಮಣಿಕಟ್ಟನ್ನು. ಬೆರಳು ಎಷ್ಟು ಉದ್ದವೆಂಬುದು ಅದಕ್ಕೆ ತಿಳಿಯದು. ನನ್ನ ಮಣಿಕಟ್ಟು ನಿಲ್ಲುತ್ತಿದ್ದಲ್ಲಿಯೇ ನಿನ್ನದೂ ನಿಲ್ಲುತ್ತದೆ. ನನ್ನ ಬೆರಳುಗಳು ಆಗ ಅಚ್ಚಿನ ಹೊರಗಿರುತ್ತಿದ್ದವು. ನಿನ್ನವು ಇನ್ನೂ ಒಳಗಿರುತ್ತವೆ. ಈವರೆಗೆ ನಿನ್ನನ್ನು ಉಳಿಸಿರುವುದು ನಿನ್ನ ಎಚ್ಚರ ಮಾತ್ರ, ಮತ್ತು ಎಂಥವರ ಎಚ್ಚರವೂ ಪಾಳಿಯ ಕೊನೆಯವರೆಗೆ ಬಾಳುವುದಿಲ್ಲ. ನಡುಬೆರಳಿಗೆ ಚಿಂದಿ ಸುತ್ತಿಕೊಂಡಿರುವೆಯಂತೆ. ಕೇಳಿದವರಿಗೆ ಉಗುರಿಗೆ ಸ್ವಲ್ಪ ತಾಗಿತು ಎಂದೆಯಂತೆ. ಯಂತ್ರ ಮೊದಲು ಉಗುರನ್ನೇ ಕೇಳುತ್ತದೆ.

ಆದಕಾರಣ ನಿನ್ನಲ್ಲಿ ನನ್ನ ವಿನಂತಿ. ಫಿಟ್ಟರ್ ಬಂದು, ಕರೆಂಟು ತೆಗೆದು, ಯಂತ್ರವನ್ನು ಕೈಯಿಂದಲೇ ತಿರುಗಿಸಿ, ಅಚ್ಚು ಇಳಿಯುವಷ್ಟರಲ್ಲಿ ನಿನ್ನ ಎಲ್ಲಕ್ಕಿಂತ ಉದ್ದದ ಬೆರಳೂ ಹೊರಬರುವಂತೆ ಹಗ್ಗವನ್ನು ಮೋಟು ಮಾಡುವ ತನಕ ನೀನು ಅಲ್ಲಿ ಕೂರಕೂಡದು. ಪ್ರತಿ ಪಾಳಿಗೂ ಮೊದಲು ಇದೇ ಪರೀಕ್ಷೆ ನಡೆಯತಕ್ಕದ್ದು. ಉಗುರಿನ ಗಾಯವನ್ನು ಇಂದೇ ನರ್ಸಮ್ಮನಿಗೆ ತೋರಿಸು, ಹೇಗಾಯಿತೆಂಬುದನ್ನೂ ಹೇಳು. ಚಿಂದಿಯ ಕೆಳಗೆ ಬಚ್ಚಿಟ್ಟರೆ ಕೀವಾಗುತ್ತದೆ. ಮೇಸ್ತ್ರಿ ಮುಖ ಗಂಟಿಕ್ಕಿದರೆ ಇಕ್ಕಲಿ. ಹಳೆಯ ಹಗ್ಗವನ್ನು ಕತ್ತರಿಸಿ ಎಸೆದರೂ ನನಗೆ ಬೇಸರವಿಲ್ಲ.

ಇಂತು ನಿನ್ನ ಕೈಗಳ ಕ್ಷೇಮವನ್ನು ಬೇಡುವ,
ಅಮ್ಮ

ಮತ್ತೆ ಬರೆದದ್ದು, ನಿಮ್ಮ ಊಟದ ಬಿಡುವಿನಲ್ಲಿ: ಲಾರಿ ಬಂದಿದೆ, ಮರಳುವಾಗ ಚಾಲಕರು ಇದನ್ನು ಒಯ್ಯುತ್ತಾರೆ. ನಿನ್ನೆ ಯಾರೋ ಕೈ ಹಿಡಿದೆಳೆದರೆಂದು ನೀನು ಪಕ್ಕದ ಯಂತ್ರದವಳ ಮೇಲೆ, ಆಟ ಆಡ್ಬೇಡ ಕಣೇ, ಕೈ ಹೋಗತ್ತೆ ಎಂದು ಕೂಗಾಡಿದೆಯಂತೆ. ಅವಳಲ್ಲಿ ಕ್ಷಮೆ ಕೇಳು. ಅದು ನಾನು. ಎಳೆತ ಬಂದಾಗ ಭಯದಿಂದ ನನ್ನ ಕೈಗಳನ್ನು ಇನ್ನಷ್ಟು ಹಿಂದಕ್ಕೆ ಕಿತ್ತುಕೊಂಡೆ. ಆ ಒಂದು ಸಲ ತಣ್ಣನೆಯ ಭಾರ ತಾಗಲಿಲ್ಲ. ಇಂದು ಬೆಳಗಿನಿಂದ ಮಣಿಕಟ್ಟುಗಳಿಗೆ ಬಟ್ಟೆಯ ಪಟ್ಟಿ ಬಿಗಿಸಿಕೊಂಡು, ಅದರ ತುದಿಗಳನ್ನು ಬೆನ್ನ ಹಿಂದಿನ ಕಿಟಕಿಯ ಕಂಬಿಯ ಸುತ್ತ ಹಾಯಿಸಿ ಪಾದಕ್ಕೆ ಕಟ್ಟಿಸಿಕೊಂಡು ಕುಳಿತಿದ್ದೇನೆ. ಎಳೆತ ಬಂದೊಡನೆ ಕಾಲೊತ್ತುತ್ತೇನೆ. ಮೊದಲ ಗಂಟು ಹಾಕುವಾಗ ನಕ್ಕ ದರ್ಜಿಯಮ್ಮ ಈಗ ನಗುತ್ತಿಲ್ಲ. ಚರ್ಮ ಸುಲಿದಿದೆ, ಚಿಂತೆಯಿಲ್ಲ. ಹಗ್ಗ ಸರಿಯಾಯಿತೆಂದು ನಿನ್ನಿಂದ ಸುದ್ದಿ ಬರುವವರೆಗೆ ನಿನ್ನ ಒಂದು ಪಾಳಿಯನ್ನೂ ನಾನು ತಪ್ಪಿಸುವುದಿಲ್ಲ. ಬೇಗ ತಿಳಿಸು, ಕಾಲು ಸೋಲುತ್ತಿದೆ. ಇದನ್ನು ಬರೆಯಲೆಂದು ಬಿಚ್ಚಿದ ಪಟ್ಟಿಯನ್ನು ಮತ್ತೆ ಕಟ್ಟಲು ದರ್ಜಿಯಮ್ಮ ಹಿಡಿದು ಕಾಯುತ್ತಿದ್ದಾಳೆ. ನಿಮ್ಮ ಬಿಡುವು ಮುಗಿಯುತ್ತಾ ಬಂತು.