ಹೊಟ್ಟೆಯೊಳಗಿನ ಗಂಟುಗಳು

ಬೇಜಾ,
ಮಾರ್ಚ್ ೯, ೨೦೦೯

ಪ್ರೀತಿಯ ಅಮ್ಮನಿಗೆ, ನಿನ್ನ ರಫೀಕಾಳ ಸಲಾಂ.

ನಾನು ಚೆನ್ನಾಗಿದ್ದೇನೆ. ಇಳಿದುಹೋಗಿದ್ದ ಹನ್ನೊಂದು ಕಿಲೋ ತೂಕದಲ್ಲಿ ಆರು ವಾಪಸ್ ಬಂದಿದೆ. ಇಷ್ಟನ್ನು ಎರಡು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು.

ನವೆಂಬರಿನಲ್ಲಿ ಶಿಕ್ಷಕರ ತರಬೇತಿಗೆ ಟ್ಯೂನಿಸ್‌ಗೆ ಹೋಗುತ್ತೇನೆ ಎಂದಿದ್ದೆನಲ್ಲ, ಅದು ಸುಳ್ಳು. ಆ ವಾರ ಆಸ್ಪತ್ರೆಯಲ್ಲಿದ್ದೆ. ಬೇಸಿಗೆಯಿಂದಲೂ ಹೊಕ್ಕುಳ ಸುತ್ತ ನೋವು, ಸಂಜೆಯಾದರೆ ಜ್ವರ. ನೀನು "ಪಟ್ಟಣದ ಊಟ ಅಂದ್ರೆ ಇಷ್ಟೇ ಕಣೆ, ನಾಲ್ಕು ದಿನ ನನ್ನ ಹತ್ರ ಇರು, ಸರಿಹೋಗ್ತೀಯ" ಅಂದಿದ್ದೆ.

ಡಾಕ್ಟರ್ ಫರ್ಜಾನಿ ಸ್ಕ್ಯಾನ್ ಮಾಡಿಸಿದರು. ಕರುಳಿನ ಹಿಂದೆ ಗಂಟುಗಳ ಗೊಂಚಲು, ಕೆಲವು ಒಳಗೇ ಕೊಳೆತಂತೆ. ಎದೆಯ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕ್ಯಾನ್ಸರಾ ಎಂದು ಕೇಳಿದೆ. ಆಕೆ ಮುಚ್ಚಿಡಲಿಲ್ಲ.

"ಇರಬಹುದು. ಕ್ಷಯವೂ ಇರಬಹುದು. ಊಹೆ ಮೇಲೆ ಔಷಧಿ ಕೊಡೋದು ಬೇಡ, ಒಂದು ಗಂಟು ತೆಗೆದು ನೋಡೋಣ."

ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆದರು. ಫಲಿತಾಂಶಕ್ಕೆ ಹನ್ನೆರಡು ದಿನ. ನಿನ್ನ ದನಿ ಕೇಳಿದರೆ ಎಲ್ಲ ಹೇಳಿಬಿಡುತ್ತೇನೆಂದು ಫೋನೂ ಮಾಡಲಿಲ್ಲ. ಕೊನೆಗೆ ಕ್ಷಯ ಎಂದು ಬಂದಾಗ ನಕ್ಕುಬಿಟ್ಟೆ. "ಈ ಹೆಸರು ಕೇಳಿ ನಕ್ಕವರನ್ನ ಇದೇ ಮೊದಲು ನೋಡ್ತಿರೋದು" ಅಂದರು ಡಾಕ್ಟರ್.

ಅಂದಿನಿಂದ ದಿನಾ ಬೆಳಿಗ್ಗೆ, ಶಾಲೆಗೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ನರ್ಸ್ ಸಲ್ವಾಳ ಎದುರಿಗೇ ಮಾತ್ರೆ ನುಂಗುತ್ತೇನೆ. "ಮೂತ್ರ ಕೆಂಪಗೆ ಹೋದ್ರೆ ಹರೀಸಾ ಖಾರದ ಮೇಲೆ ತಪ್ಪು ಹೊರಿಸಬೇಡ, ಅದು ನನ್ನ ಮಾತ್ರೆ" ಎಂದು ಮೊದಲ ದಿನವೇ ಹೇಳಿದ್ದಳು.

ಮೂರನೇ ತಿಂಗಳು ಮತ್ತೆ ನೋವು. ಗಂಟುಗಳು ಮೊದಲಿಗಿಂತ ಊದಿದ್ದವು. ಮಾತ್ರೆ ಬಿಟ್ಟುಬಿಡುತ್ತೇನೆ ಎಂದೆ. ಡಾಕ್ಟರ್ ಇನ್ನೊಮ್ಮೆ ಎಲ್ಲ ಪರೀಕ್ಷೆ ಮಾಡಿಸಿ ಹೇಳಿದರು: "ರೋಗಾಣು ಸಾಯೋವಾಗ ಹೀಗೆ ಊದೋದುಂಟು. ನೀವು ಮಾತ್ರೆ ಬಿಟ್ರೆ ಮಾತ್ರ ನನಗೆ ಭಯ." ಬಿಡಲಿಲ್ಲ. ಈಗ ಇಳಿಯುತ್ತಿವೆ.

ಅಂದೇ ಆಕೆ ಎರಡನೇ ಸಲ ಕೇಳಿದರು, ನಾನು ಕುಡಿಯುವ ಹಾಲು ಎಲ್ಲಿಯದು ಎಂದು; ಹಸುವಿನ ಕ್ಷಯ ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರುತ್ತದೆಯಂತೆ. ಮೊದಲ ಸಲ ಅಂಗಡಿಯ ಪ್ಯಾಕೆಟ್ ಎಂದಿದ್ದೆ. ಅಪ್ಪ ಹೋದಮೇಲೆ ಆ ಎರಡು ಹಸುಗಳಿಂದಲೇ ನನ್ನನ್ನು ಓದಿಸಿದವಳು ನೀನು. ನಿನ್ನ ಹೆಸರು ಎತ್ತಲು ಬಾಯಿ ಬರಲಿಲ್ಲ. ಈ ಸಲ ನಿಜ ಹೇಳಿದೆ: ನಮ್ಮ ಮನೆಯದು, ಹಸಿ ಹಾಲು, ಹುಟ್ಟಿದಾಗಿನಿಂದ. ಹಾಲಿನಿಂದಲೇ ಬಂತೆಂದು ಆಕೆಯೂ ಹೇಳುತ್ತಿಲ್ಲ. ಆದರೂ ಹಸುವಿನ ಕ್ಷಯವೇ ಆಗಿದ್ದರೆ ಎಂದು ಆರು ತಿಂಗಳ ಔಷಧಿಯನ್ನು ಒಂಬತ್ತು ಮಾಡಿದ್ದಾರೆ. ಸೆಪ್ಟೆಂಬರಿಗೆ ಪೂರ್ತಿ ವಾಸಿಯಾಗುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಮೇಲೆ ಕುದಿಸದ ಹಾಲನ್ನು ನೀನೂ ಕುಡಿಯಬೇಡ, ಯಾರಿಗೂ ಮಾರಬೇಡ. ಕುದಿಸಿದರೆ ಹಾಲಿನ ಜೀವವೇ ಹೋಗುತ್ತೆ ಅಂತೀಯ. ಹೋಗಲಿ.

ನಿನ್ನ ಕೈಗೆ ಮುತ್ತಿಡುವ ಮಗಳು,
ರಫೀಕಾ

ಮರೆತೆನೆಂದುಕೊಳ್ಳಬೇಡ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ೧೯ನೇ ತಾರೀಖು ಗುರುವಾರ ಪಶುವೈದ್ಯರು ಹಸುಗಳನ್ನು ಪರೀಕ್ಷಿಸಲು ಬರುತ್ತಾರೆ. ವಿಳಾಸ ಕೊಟ್ಟವಳು ನಾನೇ. ರೋಗ ಕಂಡ ಹಸುವನ್ನು ಕೊಂಡೊಯ್ಯುತ್ತಾರೆ ಎಂದು ಬೂದು ಹಸುವನ್ನು ಮಾವನ ತೋಟಕ್ಕೆ ಸಾಗಿಸಿ ಬಚ್ಚಿಡಬೇಡ. ರಜೆ ಹಾಕಿದ್ದೇನೆ, ಬುಧವಾರದ ಬಸ್ಸಿಗೆ ಬರುತ್ತೇನೆ. ಎಷ್ಟು ಬೇಕಾದರೂ ಬಯ್ಯಿ, ಹಸುವಿನ ಹಗ್ಗ ಮಾತ್ರ ನಾನೇ ಹಿಡಿದುಕೊಳ್ಳುತ್ತೇನೆ.