ಕೇಳಿಸಿಕೊಳ್ಳುವ ಅಜ್ಜಿ

ಸೋಮವಾರ ಬೆಳಗ್ಗೆ, ಮಾರ್ಚ್ ೧೧

ನನ್ನ ಜಗಳಗಂಟಿ ಮಗಳಿಗೆ,

ಅಮ್ಮನ ಮುತ್ತುಗಳು. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಆಡಿ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗುವುದಿಲ್ಲ. ಆದ್ದರಿಂದ ಕುಳಿತುಕೋ, ಒಂದು ಲೋಟ ನೀರು ಕುಡಿ, ಕೊನೆಯ ಸಾಲಿನವರೆಗೂ ಓದು. ಮಧ್ಯದಲ್ಲಿ ಎದ್ದು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ಮನೆ ಖಾಲಿಯಾಯಿತು. ಮಹಡಿ ಮೇಲಿನ ಕೋಣೆಯಲ್ಲಿ ನೆಲ ಯಾವ ಬಣ್ಣದ್ದೆಂದು ನಿನಗೆ ನೆನಪಿದೆಯೇ? ನನಗೂ ಇರಲಿಲ್ಲ. ಕೆಂಪು. ಇನ್ನು ಕೆಟ್ಟ ಸುದ್ದಿ. "ಬೇಕಾದ್ದು ಬಿಸಾಕಮ್ಮಾ, ಹಾಲ್‌ನಲ್ಲಿರೋ ಅಜ್ಜಿ ಫೋಟೋ ಮಾತ್ರ ಮುಟ್ಟಬೇಡ, ಅದು ನಂದು, ಭಾನುವಾರ ಬಂದು ನಮ್ಮ ಹೊಸ ಮನೆಗೆ ತಗೊಂಡು ಹೋಗ್ತೀನಿ" ಎಂದಿದ್ದೆಯಲ್ಲ, ಆ ಫೋಟೋ ನಿನಗೆ ಸಿಗುವುದಿಲ್ಲ. ಅದು ಬೇರೆಯವರದು. ಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟಾಗಿದೆ.

ಹಲ್ಲು ಕಡಿಯಬೇಡ. ಮೊದಲಿನಿಂದ ಹೇಳುತ್ತೇನೆ.

ಈ ಸಫಾಯಿ ಶುರುವಾದದ್ದು ಯಾಕೆಂದು ನಿನಗೆ ನಾನು ಅರ್ಧವೇ ಹೇಳಿದ್ದೆ. ಮಂಡಿನೋವು, ಮೇಲೆ ಹತ್ತಲಾಗುವುದಿಲ್ಲ, ಮಹಡಿಯನ್ನು ಬಾಡಿಗೆಗೆ ಕೊಡುತ್ತೇನೆ ಎಂದಿದ್ದೆ. ಉಳಿದರ್ಧ ಏನೆಂದರೆ, ಗೋಡೆ ಸಾಲದೆ ಮೆಟ್ಟಿಲ ಮೇಲೆ ಪೇರಿಸಿಟ್ಟಿದ್ದ ಫ್ರೇಮುಗಳನ್ನು ಎಡವಿ ಬಿದ್ದೆ. ಕಾಲು ಉಳುಕಿತು, ಅಷ್ಟೇ. ಅಲ್ಲಿಯೇ ಕುಳಿತು ನೋಡಿದರೆ, ನಾನು ಎಡವಿದ್ದು ಯಾರೋ ಮೀಸೆಯ ಮಹಾಶಯರನ್ನು. ಸತ್ತವರ ಫೋಟೋ ಎಡವಿ ನಾನೂ ಒಂದು ಫೋಟೋ ಆಗುವುದರಲ್ಲಿದ್ದೆ. ಅವತ್ತೇ ತೀರ್ಮಾನಿಸಿದೆ, ಇವರೆಲ್ಲ ಹೋಗಬೇಕು.

ನಿಮ್ಮಪ್ಪನ ಗುಣ ನಿನಗೆ ಗೊತ್ತಲ್ಲ. ಫೋಟೋಗೆ ಕಟ್ಟು ಹಾಕುವ ಅಂಗಡಿ ಎಲ್ಲರೂ ನಡೆಸುತ್ತಾರೆ. ಕಟ್ಟು ಹಾಕಲು ಕೊಟ್ಟು ಮರೆತುಹೋದ ಗಿರಾಕಿಗಳ ಫೋಟೋ ಕಿತ್ತು ಎಸೆದು ಫ್ರೇಮನ್ನು ಇನ್ನೊಬ್ಬರಿಗೆ ಮಾರುತ್ತಾರೆ. ಇವರು ಮಾತ್ರ ಅವರನ್ನೆಲ್ಲ ಮನೆಗೆ ಕರೆತಂದರು. ಮುಖವನ್ನು ಗೋಡೆಗೆ ತಿರುಗಿಸಿ ಇಡಬಾರದು, ಅವರಿಗೆ ಉಸಿರು ಕಟ್ಟುತ್ತದೆ ಎಂದು ಎಲ್ಲರನ್ನೂ ನೇತುಹಾಕಿದರು. ನೀನು ನಡೆಯಲು ಕಲಿಯುವ ಹೊತ್ತಿಗೆ ನಮ್ಮ ಗೋಡೆಗಳಲ್ಲಿ ಒಂದು ಸಣ್ಣ ಊರೇ ಇತ್ತು. ಅವರಿಗೆ ಹೆಸರಿಟ್ಟವಳು ನೀನು. ಮೀಸೆ ಮಾವ, ಸೀನು ಬರೋ ಚಿಕ್ಕಪ್ಪ, ಮದುವೆ ಬೇಡದ ಮದುಮಗಳು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸೀನು ಬರೋ ಚಿಕ್ಕಪ್ಪನ ಎದುರು ಹಾಯಲು ಹೆದರಿ ನೀನು ಮಾಡಿಕೊಂಡ ಅವಾಂತರವನ್ನು ಇಲ್ಲಿ ಬರೆಯುವುದಿಲ್ಲ.

ಎಸೆಯಲು ನನಗೂ ಮನಸ್ಸು ಬರಲಿಲ್ಲ. ನಿನ್ನ ಚಿಕ್ಕಮ್ಮನನ್ನು ಸಹಾಯಕ್ಕೆ ಕರೆಸಿಕೊಂಡೆ. ನನ್ನ ತಂಗಿಯ ಸಹಾಯ ಎಂದರೆ ಗೊತ್ತಲ್ಲ, ನಾನು ಮುಂಬಾಗಿಲಿನಿಂದ ಹೊರಗೆ ಹಾಕಿದ್ದನ್ನು ಹಿಂಬಾಗಿಲಿನಿಂದ ಒಳಗೆ ತರುವುದು. ತಳ ತೂತಾದ ಬಕೆಟ್ಟನ್ನು ಎರಡು ಸಲ ಎಸೆದೆ, ಎರಡು ಸಲವೂ ವಾಪಸ್ಸು ಬಂತು. "ಗಿಡ ಹಾಕೋಕಾಗತ್ತೆ ಕಣೇ ಅಕ್ಕ" ಎಂದಳು. ಗಿಡ ಎಲ್ಲಿದೆ ಎಂದರೆ ನಾಳೆ ತರೋಣ ಎಂದಳು. ಆದರೆ ಉಪಾಯ ಹೊಳೆದದ್ದು ಅವಳಿಗೇ. ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಎಲ್ಲರನ್ನೂ ಸಾಲಾಗಿ ಕಟ್ಟಿ, ಗೇಟಿಗೆ ಒಂದು ರಟ್ಟು ತೂಗುಹಾಕಿದಳು: ನಿಮ್ಮವರು ಇಲ್ಲಿದ್ದರೆ ದಯವಿಟ್ಟು ಮನೆಗೆ ಕರೆದುಕೊಂಡು ಹೋಗಿ.

ಜನ ಬಂದರು ಮಗಳೇ. ನಾನು ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಬಸ್ಸು ಓಡಿಸುವವನೊಬ್ಬ ಬಸ್ಸನ್ನು ಗೇಟಿನ ಮುಂದೆಯೇ ನಿಲ್ಲಿಸಿ ಇಳಿದು ಬಂದು ಮೀಸೆ ಮಾವನನ್ನು ಎತ್ತಿಕೊಂಡು ಹೋದ. ಅವನ ದೊಡ್ಡಪ್ಪನಂತೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಮದುಮಗಳನ್ನು ಒಯ್ದಾಕೆಗೆ ಅವಳು ಯಾರೆಂದೇ ಗೊತ್ತಿಲ್ಲ. ನಮ್ಮ ಗೋಡೆ ಬಿಕೋ ಅಂತಿದೆ, ಇವಳ ಮುಖ ನೋಡಿದರೆ ನನ್ನ ಮನಸ್ಸಿನ ಮಾತು ಹೇಳೋ ಹಾಗಿದೆ ಎಂದಳು. ಕೊಟ್ಟುಬಿಟ್ಟೆ. ಅಷ್ಟು ವರ್ಷ ಬೇಡ ಬೇಡ ಎಂದವಳಿಗೂ ಕೊನೆಗೆ ಒಂದು ಮನೆ ಸಿಕ್ಕಿತು.

ಈ ಗಲಾಟೆಯಲ್ಲಿ ನನ್ನ ಬಿ.ಪಿ. ಮಾತ್ರೆ ಮುಗಿದಿತ್ತು. ಕಾಲು ಊರಲಾಗದ್ದರಿಂದ ಔಷಧಿ ಅಂಗಡಿಗೆ ಫೋನ್ ಮಾಡಿದೆ. ನಮ್ಮ ಬೀದಿಯ ತಿರುವಿನ ಅಂಗಡಿಯವರು, ನಿನಗೆ ಚಿಕ್ಕಂದಿನಲ್ಲಿ ಕೆಮ್ಮಿನ ಔಷಧಿಯ ಜೊತೆ ಪೆಪ್ಪರಮಿಂಟು ಕೊಡುತ್ತಿದ್ದವರು. ಅವರೇ ಮಾತ್ರೆ ತಂದರು. ಇಷ್ಟು ವರ್ಷದಲ್ಲಿ ನಾವು ಅವರ ಅಂಗಡಿಗೆ ಹೋದದ್ದಕ್ಕೆ ಲೆಕ್ಕವಿಲ್ಲ, ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಹೊಸ್ತಿಲಲ್ಲಿ ನಿಂತು ಮಾತ್ರೆಯ ಪೊಟ್ಟಣವನ್ನು ನನ್ನ ಕಡೆ ಚಾಚಿದವರು ಹಾಗೆಯೇ ನಿಂತರು. ಕೈ ಚಾಚಿಯೇ ಇತ್ತು, ಕಣ್ಣು ನನ್ನ ತಲೆಯ ಮೇಲಿಂದ ಗೋಡೆಗೆ ಹೋಗಿತ್ತು.

"ಅಮ್ಮಾ, ಅದು ಯಾರು?" ಎಂದರು.

ನಮ್ಮತ್ತೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬೇಜಾರು ಮಾಡ್ಕೋಬೇಡಿ. ಅದು ನಮ್ಮಮ್ಮ" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಳದಲ್ಲಿ ನೇತುಹಾಕಿರುವುದನ್ನು ಬೇಕಾದರೆ ಆರಿಸಿಕೊಳ್ಳಿ, ಮನೆಯೊಳಗಿನವರ ತಂಟೆಗೆ ಬರಬೇಡಿ ಎಂದೆ. ನೀನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ನಿನ್ನಜ್ಜಿ ನಿಮ್ಮಪ್ಪ ಚಿಕ್ಕವನಿರುವಾಗಲೇ ತೀರಿಕೊಂಡವಳು, ಫೋಟೋದಲ್ಲಿ ನಮಗಿಂತ ಎಷ್ಟೋ ಚಿಕ್ಕವಳು, ಆದರೂ ಮನೆಗೆಲ್ಲ ಹಿರಿಯಳು ಅವಳೇ. ತಲೆಯನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ, ನಾವು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುವ ಹಾಗೆ ಇರುವವಳು. ಪರೀಕ್ಷೆಯಲ್ಲಿ ಫೇಲಾದಾಗ ನೀನು ನನಗಿಂತ ಮೊದಲು ಅವಳಿಗೆ ಹೇಳಿದ್ದು ನನಗೆ ಗೊತ್ತಿದೆ. ಬಾಗಿಲ ಹಿಂದೆಯೇ ಇದ್ದೆ.

ಅವರು ಜಗಳವಾಡಲಿಲ್ಲ. ಮೆಲ್ಲಗೆ ಒಂದೇ ಮಾತು ಹೇಳಿದರು. "ಕೆಳಗಡೆ ನಾನಿದೀನಿ ಅಮ್ಮಾ. ತೊಡೆ ಮೇಲೆ. ಜಡೆ ಹಿಡ್ಕೊಂಡು ಎಳೀತಾ ಇದೀನಿ. ಅದಕ್ಕೇ ತಲೆ ಆ ಕಡೆ ವಾಲಿರೋದು." ಅವರ ಅಕ್ಕನ ಹತ್ತಿರ ಇದರದ್ದೇ ಒಂದು ಚಿಕ್ಕ ಪ್ರತಿ ಇತ್ತಂತೆ. ಹುಡುಗನಾಗಿದ್ದಾಗ ದಿನಾ ನೋಡುತ್ತಿದ್ದರಂತೆ. ಮನೆ ಬದಲಾಯಿಸುವಾಗ ಅದು ಕಳೆದುಹೋಯಿತಂತೆ. ಆಮೇಲೆ ಅಮ್ಮನ ಮುಖ ಎಲ್ಲಿಯೂ ಇಲ್ಲ.

ಅವರ ಬಾಯಿ ಮುಚ್ಚಿಸಲೆಂದೇ ನಾನು ಫೋಟೋ ಇಳಿಸಿದೆ. ಚಿಕ್ಕಮ್ಮ ಇಕ್ಕಳ ತಂದಳು. ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದು, ಗಾಜು ಬಿಡಿಸಿದೆವು. ಫೋಟೋದ ಸುತ್ತ ಇಡುವ ದಪ್ಪ ಕಾಗದ ಇದೆಯಲ್ಲ, ನಡುವೆ ಕಿಟಕಿಯಂತೆ ಕೊಯ್ದದ್ದು, ನಿಮ್ಮಪ್ಪ ಮೌಂಟು ಎನ್ನುತ್ತಿದ್ದರಲ್ಲ, ಅದನ್ನು ಎತ್ತಿದೆ. ಕೆಳಗೆ ಒಂದು ಗುಂಡುಗುಂಡಾದ ಮಗು ಕುಳಿತಿತ್ತು. ಎರಡೂ ಮುಷ್ಟಿಯಲ್ಲಿ ತಾಯಿಯ ಜಡೆ ಹಿಡಿದು, ಬಾಯಿ ತುಂಬ ನಗುತ್ತಿತ್ತು. ಜನ್ಮದಲ್ಲಿ ನಾನು ಯಾರೆದುರೂ ಅಷ್ಟು ಪೂರ್ತಿಯಾಗಿ ಸೋತಿಲ್ಲ. ಔಷಧಿ ಅಂಗಡಿಯವರು ಮಗುವನ್ನು ನೋಡಲೇ ಇಲ್ಲ. ತಾಯಿಯ ಭುಜದ ಮೇಲೆ ಒಂದು ಬೆರಳಿಟ್ಟು ನಿಂತರು. ನಾನು ಒಳಗೆ ಹೋಗಿ ಬೇಡದ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಇದು ಕೈತಪ್ಪಿ ಆದದ್ದು ಎನ್ನಲು ನನ್ನಿಂದಾಗುವುದಿಲ್ಲ. ಫೋಟೋದಲ್ಲಿ ಬಂದವರ ಬೆರಳ ತುದಿಯೂ ಮೌಂಟಿನಡಿ ಮುಚ್ಚಬಾರದು ಎಂದು ಕೆಲಸ ಕಲಿಯಲು ಬಂದವರ ತಲೆಗೆ ಮೊಟಕುತ್ತಿದ್ದ ಮನುಷ್ಯ ಒಂದು ಇಡೀ ಮಗುವನ್ನು ಮುಚ್ಚಿದ್ದಾರೆ. ಬೇಕೆಂದೇ ಮುಚ್ಚಿದ್ದಾರೆ. ಯಾಕೆಂದು ಕೇಳೋಣವೆಂದರೆ ಅವರಿಲ್ಲ. ನಿನ್ನ ಅತ್ತೆಗೆ ಫೋನ್ ಮಾಡಿದೆ. ಅಪ್ಪನಿಗೆ ಅಕ್ಕನಾದರೂ ಆಕೆಯ ನೆನಪು ನಮ್ಮೆಲ್ಲರಿಗಿಂತ ಚುರುಕಾಗಿದೆ. ವಿಷಯ ಹೇಳಿದೆ. "ಕೊನೆಗೂ ಬಂದ್ರಾ ಅವರ ಕಡೆಯವರು?" ಎಂದರು.

ನಿನ್ನ ಅತ್ತೆ ಹೇಳಿದ್ದು ಇಷ್ಟು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರು ಆ ಫೋಟೋವನ್ನು ಕಟ್ಟು ಹಾಕಲು ಕೊಟ್ಟರು. ಮತ್ತೆ ಬರಲಿಲ್ಲ. ನಿಮ್ಮಪ್ಪ ಆಗಿನ್ನೂ ಹೊಸದಾಗಿ ಅಂಗಡಿ ಇಟ್ಟಿದ್ದ ಹುಡುಗ. ಕಾದು ಕಾದು, ವಿಳಾಸ ಕೇಳಿಕೊಂಡು ಮನೆಗೇ ಹೋದರು. ಬಾಗಿಲಿಗೆ ಬೀಗ. ಇನ್ನೊಂದು ಮದುವೆಯಾಗಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದರು. ಫೋಟೋ ಮನೆಗೆ ಬಂತು. ನಿಮ್ಮಪ್ಪ ಅದನ್ನು ಅಕ್ಕನ ಮುಂದೆ ಹಿಡಿದರಂತೆ. "ನಮ್ಮಮ್ಮನ ಮುಖ ಅವನಿಗೆ ನೆನಪೇ ಇರಲಿಲ್ಲ ಕಣೇ. ಫೋಟೋನೂ ಇಲ್ಲ. ಅಕ್ಕಾ, ಈ ಮುಖ ಆಗಬಹುದಾ ಅಂತ ಕೇಳಿದ. ಹೂಂ, ಆಗಬಹುದು ಅಂದೆ. ಮಾರನೇ ದಿನ ನೋಡಿದ್ರೆ ಮಗು ಇರಲಿಲ್ಲ" ಎಂದರು.

ಊರಿನವರ ಫೋಟೋಗೆಲ್ಲ ಕಟ್ಟು ಹಾಕಿದವನಿಗೆ ತನ್ನ ತಾಯಿಯದ್ದೊಂದು ಇರಲಿಲ್ಲ. ಅಷ್ಟು ವರ್ಷ ಜೊತೆಗಿದ್ದ ನನಗೆ ಇದನ್ನು ಹೇಳಲಿಲ್ಲವಲ್ಲ ಎಂದು ಮೊದಲು ಕೋಪ ಬಂತು. ಕೋಪ ಇಳಿದ ಮೇಲೆ ಅಳು ಬಂತು. ಬಾಕಿಯಿಲ್ಲದಂತೆ ಅತ್ತುಬಿಟ್ಟೆ. ಈಗ ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಿನಗಿದ್ದರೆ ನಾಲ್ಕು ದಿನ ಇಟ್ಟುಕೊಂಡು ಬಿಟ್ಟುಬಿಡು.

ನೀನು ಏನು ವಾದ ಹೂಡುತ್ತೀಯೆಂದು ಗೊತ್ತು. ಇಷ್ಟು ವರ್ಷ ನೋಡಿಕೊಂಡವರು ನಾವು, ಸಾಕಿದವರಿಗೂ ಹಕ್ಕಿಲ್ಲವೇ ಎನ್ನುತ್ತೀಯ. ಪ್ರತಿ ತೆಗೆಸಿ ಅವರಿಗೆ ಕೊಡು, ಮೂಲ ನಮಗಿರಲಿ ಎನ್ನುತ್ತೀಯ. ಚಿಕ್ಕಮ್ಮ ಆಗಲೇ ಅಂದಳು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು. ನಾನು ಒಪ್ಪಲಿಲ್ಲ. ಆ ಮನುಷ್ಯ ದೊಡ್ಡವರಾದ ಮೇಲೆ ಹುಟ್ಟಿದ ಊರಿಗೇ ಮರಳಿ ಅಂಗಡಿ ಇಟ್ಟವರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಹಾಗೆ, ತಾಯಿ ಒಂದು ತಿರುವಿನಾಚೆ ಇದ್ದರೂ ಅವಳ ಮುಖ ಕಾಣದೆ ಮುದುಕರಾದರು. ನಮಗೆ ದಿನವೂ ಮಾತ್ರೆ ಕಟ್ಟಿಕೊಟ್ಟರು. ಪ್ರತಿಯೂ ಬೇಡ. ಮಗುವನ್ನು ಮುಚ್ಚಿದ ಪ್ರತಿ ಇನ್ನೊಂದು ಸುಳ್ಳು. ಮಗು ಕಾಣುವ ಪ್ರತಿಯಲ್ಲಿ ಅವಳು ನಮ್ಮ ಅಜ್ಜಿಯಲ್ಲ.

ನಿನಗೆ ಅಜ್ಜಿಯ ಮೂಗು ಬಂದಿದೆ ಎಂದು ನಾವೆಲ್ಲ ಹೇಳುತ್ತಿದ್ದೆವು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಮೂಗು ನಿನ್ನದೇ ಇಟ್ಟುಕೋ. ಆದರೆ ನಿಜವಾದ ಅಜ್ಜಿಗೆ ಫೋಟೋ ಯಾಕಿಲ್ಲ ಎಂದು ನಿನ್ನ ಅತ್ತೆಯನ್ನು ಕೇಳಿದೆ. ಫೋಟೋದವನು ಬಂದ ದಿನ ಎಲ್ಲರೂ ಸಾಲಾಗಿ ನಿಂತರಂತೆ, ಆಕೆ ಮಾತ್ರ ಪಕ್ಕದ ಮನೆಯವಳ ಜೊತೆ ನೀರಿನ ನಲ್ಲಿಗಾಗಿ ಜಗಳಕ್ಕೆ ಹೋಗಿದ್ದಳಂತೆ. ಗೆದ್ದು ಬರುವ ಹೊತ್ತಿಗೆ ಫೋಟೋದವನು ಹೋಗಿಯಾಗಿತ್ತು. ಈ ಕಾಗದದ ಮೊದಲ ಸಾಲಿನಲ್ಲಿ ನಿನ್ನನ್ನು ನಾನು ಏನೆಂದು ಕರೆದಿದ್ದೇನೆ, ನೋಡಿಕೋ. ನನ್ನ ಕಡೆಯವರಲ್ಲಿ ಅಂಥವರು ಯಾರೂ ಇಲ್ಲ.

ಭಾನುವಾರ ನಿನ್ನ ಅತ್ತೆಯೂ ಬರುತ್ತಾರೆ. ನಿಜವಾದ ಅಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಕೇಳಬೇಕಾದ್ದನ್ನು ಕೇಳಿಕೋ. ಹೊಸ ಮನೆಗೆ ನೀನು ಈ ಮನೆಯಿಂದ ಒಯ್ಯಬೇಕಾದ್ದು ಅದೊಂದೇ ಎಂದು ನನಗನಿಸುತ್ತದೆ. ಬಕೆಟ್ಟನ್ನೂ ಒಯ್ದರೆ ಸಂತೋಷ.

ನಾನು ಚೆನ್ನಾಗಿದ್ದೇನೆ. ಕಾಲಿನ ಊತ ಇಳಿದಿದೆ. ಮನೆ ಹಗುರವಾಗಿದೆ, ನನಗೂ ಹಗುರವೆನಿಸುತ್ತಿದೆ. ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡ.

ನಿನ್ನ ಪ್ರೀತಿಯ, ಈ ಮನೆಯ ಸದ್ಯದ ಹಿರಿಯಳು,
ಅಮ್ಮ

ತಾ.ಕ.: ಇಷ್ಟು ಓದಿದ ಮೇಲೆ ಫೋಟೋ ಆಗಲೇ ಔಷಧಿ ಅಂಗಡಿಯವರ ಮನೆ ಸೇರಿದೆ ಎಂದು ನೀನು ಅಂದುಕೊಂಡಿರುತ್ತೀಯ. ಸೇರಿಲ್ಲ. ಮಗುವೂ ಕಾಣುವ ಹಾಗೆ ಹೊಸ ಮೌಂಟು ಕೊಯ್ಯಿಸಿ, ಗಾಜು ಒರೆಸಿ, ಮತ್ತೆ ಹಾಲ್‌ನಲ್ಲೇ ನೇತುಹಾಕಿದ್ದೇನೆ. ಅವರು ಬುಧವಾರ ಒಂದು ಒಗೆದ ಬಿಳಿ ಬಟ್ಟೆ ಹಿಡಿದು ಬಂದರು. ಅಂಟು ಒಣಗಿಲ್ಲ ಎಂದೆ. ಶುಕ್ರವಾರ ಬಂದರು. ಕೊಕ್ಕೆ ಸಡಿಲವಾಗಿದೆ ಎಂದೆ. "ನಿಧಾನವಾಗಿ ಕೊಡಿ ಅಮ್ಮಾ" ಎಂದು ಹೊರಟುಹೋದರು, ಮಾತ್ರೆ ಮರೆಯದೆ ತಗೊಳ್ಳಿ ಎಂದೂ ಹೇಳಿದರು. ನಾನು ಈ ಮನೆಗೆ ಬಂದ ದಿನ ನನ್ನನ್ನು ಒಳಗೆ ಕರೆದುಕೊಳ್ಳಲು ಅತ್ತೆ ಇರಲಿಲ್ಲ. ನಿಮ್ಮಪ್ಪ ನನ್ನನ್ನು ಫೋಟೋದಲ್ಲಿದ್ದ ಇವಳ ಮುಂದೆ ನಿಲ್ಲಿಸಿ, "ಅಮ್ಮಾ, ಬಂದಳು" ಎಂದಿದ್ದರು. ನಿಮ್ಮಪ್ಪ ಹೋದ ಮೇಲೆ ಈ ಮನೆಯಲ್ಲಿ ನಾನು ಮಾತಾಡಿದ್ದೆಲ್ಲ ಅವಳ ಹತ್ತಿರವೇ. ಭಾನುವಾರ ಬೇಗ ಬಾ. ಅವಳನ್ನು ಗೋಡೆಯಿಂದ ಇಳಿಸಿ ಔಷಧಿ ಅಂಗಡಿಯವರ ಕೈಗೆ ನೀನೇ ಕೊಡು. ನನ್ನ ಕೈಲಿ ಆಗುತ್ತಿಲ್ಲ.