ನಾನು ಆಡದ ಆರು ಪಂದ್ಯಗಳು

ಮಾರ್ಚ್ 3, ಬೆಳಗ್ಗೆ 6.20

ಸ್ಕಿಪ್ಪಿಂಗ್ ಹನ್ನೆರಡು ಸುತ್ತು. ತೂಕ 57.1. ಯಾರ ಉದ್ಧಾರಕ್ಕೆ ಇಳಿಸುತ್ತಿದ್ದೇನೋ. ಕೊನೆಯ ಸಲ ಬಾಕ್ಸಿಂಗ್ ರಿಂಗ್ ಹತ್ತಿ ಇವತ್ತಿಗೆ ಹದಿನಾಲ್ಕು ತಿಂಗಳು.

ಮಾವ ಎಂದಿನಂತೆ ಪ್ಯಾಡ್ ಹಿಡಿದರು, ಎಂದಿನಂತೆ ಬೈದರು. “ಬಲಗೈ ಬೀಸೋ ಮೊದ್ಲು ಎಡ ಭುಜ ಇಳಿಸ್ತೀಯ. ಹನ್ನೊಂದು ವರ್ಷದಿಂದ ಬಾಯಿ ಬಡ್ಕೊಳ್ತಾ ಇದೀನಿ.” ಅಮ್ಮನ ತಮ್ಮ ಅನ್ನುವ ಸಲಿಗೆಯನ್ನು ಜಿಮ್ಮಿನ ಬಾಗಿಲಲ್ಲೇ ಬಿಟ್ಟು ಬರಬೇಕಂತೆ. ಒಳಗೆ ಅವರು ಕೋಚ್ ಮಾತ್ರ. ಬೈಗುಳ ಮಾತ್ರ ಎರಡೂ ಕಡೆ ಒಂದೇ.

ನಿನ್ನೆ ರಾತ್ರಿ ವಕೀಲಮ್ಮನ ಫೋನ್. ಏಪ್ರಿಲ್ 7ಕ್ಕೆ ಬಾಕ್ಸಿಂಗ್ ಮಂಡಳಿಯ ಮುಂದೆ ವಿಚಾರಣೆ. ಒಪ್ಪಂದದ ಪ್ರಕಾರ ಪ್ರಮೋಟರ್ ನನಗೆ ಎಂಟು ಪಂದ್ಯ ಕೊಡಬೇಕು. ಕೊಟ್ಟದ್ದು ಎರಡು. ಎಂಟೂ ಮುಗಿಯುವ ತನಕ ಬೇರೆಯವರ ರಿಂಗಿಗೆ ಕಾಲಿಡುವಂತಿಲ್ಲ. ಕೊಡುವುದಿಲ್ಲ, ಬಿಡುವುದೂ ಇಲ್ಲ. ನನಗೆ ಮೂವತ್ತೆರಡು. ಈ ವರ್ಷ ಬಿಡಿಸಿಕೊಳ್ಳದಿದ್ದರೆ ಆಮೇಲೆ ಬಿಡಿಸಿಕೊಂಡು ಏನು ಮಾಡಲಿ?

ಮಾರ್ಚ್ 9

ಬಸ್ ನಿಲ್ದಾಣದ ಗೋಡೆಯಲ್ಲಿ ಪೋಸ್ಟರ್. ‘ಮಿಂಚುಳ್ಳಿ’. ಅದು ಪ್ರಮೋಟರ್ ನನಗಿಟ್ಟ ರಿಂಗಿನ ಹೆಸರು. ನನ್ನ ನೀಲಿ ನಿಲುವಂಗಿ. ಪಂದ್ಯ ನಿನ್ನೆ, ಆರು ಗಂಟೆ ಪ್ರಯಾಣದ ಊರಲ್ಲಿ. ನಿನ್ನೆ ನಾನು ಮನೆಯಲ್ಲಿ ಪರದೆ ಒಗೆಯುತ್ತಿದ್ದೆ.

ಹಳೇ ಫೋಟೋ ಹಾಕಿ ಟಿಕೆಟ್ ಮಾರುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ಹುಬ್ಬಿನ ಮೇಲೆ ಹೊಲಿಗೆಯ ಗುರುತು. ನನ್ನ ಹುಬ್ಬು ಇದುವರೆಗೆ ಒಡೆದೇ ಇಲ್ಲ.

ಪಕ್ಕದ ಪೇಪರ್ ಅಂಗಡಿಯವ ಚಿಲ್ಲರೆ ಕೊಡುತ್ತಾ, “ನಿನ್ನೆ ಚೆನ್ನಾಗಿ ಹೊಡೆದ್ರಿ ಅಕ್ಕ. ಇಷ್ಟು ಬೇಗ ವಾಪಸ್ ಬಂದ್ರಾ?” ಅಂದ. ಏನೋ ಗೊಣಗಿ ಬಂದುಬಿಟ್ಟೆ.

ಮಾರ್ಚ್ 10

ಮಾವ ಮೊಬೈಲಿನಲ್ಲಿ ಹುಡುಕಿ ತೆಗೆದರು. ಒಂದಲ್ಲ, ಆರು ಪಂದ್ಯ. ಎಲ್ಲವೂ ದೂರದ ಊರುಗಳು, ಸಣ್ಣ ಹಾಲುಗಳು. ಎಲ್ಲೋ ಹಿಂದಿನ ಸಾಲಿನಿಂದ ತೆಗೆದ ವಿಡಿಯೋ, ಮುಖ ಸರಿಯಾಗಿ ಕಾಣದು. ನಡಿಗೆ ಕಾಣುತ್ತದೆ. ಮೂಲೆಗೆ ಹೋಗುವಾಗ ಬಲಗಾಲನ್ನು ಚೂರು ಎಳೆಯುವುದು, ಥೇಟ್ ನನ್ನ ಹಾಗೆ...

“ಯಾರನ್ನೋ ತಂದು ಕುಣಿಸ್ತಾ ಇದಾನೆ,” ಅಂದರು ಮಾವ. “ನಿನ್ನ ಹೆಸ್ರು ಅವನ ಕೈಲಿದೆ. ಯಾರ ಬೆನ್ನಿಗೆ ಬೇಕಾದ್ರೂ ಅಂಟಿಸ್ತಾನೆ.”

“ನಡಿಗೆ?”

“ನಡಿಗೆ ಕಲೀಬಹುದು.”

ಮೂರನೇ ವಿಡಿಯೋದಲ್ಲಿ ಅವಳ ಎಡ ಪಕ್ಕೆಗೆ ಬಿದ್ದ ಏಟಿಗೆ ನಾವಿಬ್ಬರೂ ಒಟ್ಟಿಗೇ ‘ಸ್’ ಅಂದೆವು.

ಮಾರ್ಚ್ 22

ಮಾವ ಇನ್ನೂ ಅದನ್ನೇ ನೋಡುತ್ತಿದ್ದಾರೆ. ಊಟದ ತಟ್ಟೆ ಮುಂದೆ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ. “ಮೊದಲ್ನೇದ್ರಲ್ಲಿ ಭುಜ ಇಳೀತಿತ್ತು. ನಾಲ್ಕನೇದ್ರಿಂದ ಇಳಿಯೋಲ್ಲ. ನೋಡಿದ್ಯಾ? ಹೇಳಿದ್ ಕೇಳ್ತಾಳೆ.”

“ಯಾರು ಹೇಳಿದ್ದು ಅವಳಿಗೆ?”

ಮಾವ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದರು. ನನಗೆ ಹೊಟ್ಟೆಕಿಚ್ಚು. ಬರೆದೇ ಬಿಡುತ್ತೇನೆ, ಯಾರು ಓದಬೇಕು ಇದನ್ನು — ಹೊಟ್ಟೆ ಉರಿಯಿತು.

ಏಪ್ರಿಲ್ 7, ಮಧ್ಯಾಹ್ನ

ಮರೆಯುವ ಮೊದಲು ಬರೆಯಬೇಕು.

ಮಂಡಳಿಯ ಆಫೀಸು, ಎರಡನೇ ಮಹಡಿ. ಉದ್ದ ಮೇಜು, ಆ ಬದಿಗೆ ಮೂವರು. ಪ್ರಮೋಟರ್ ಬೂದು ಸ್ವೆಟರ್ ಹಾಕಿಕೊಂಡು, ಮಗಳ ಮದುವೆ ಮಾತುಕತೆಗೆ ಬಂದವನಂತೆ ನಯವಾಗಿ ಕೂತಿದ್ದ. ಪಂದ್ಯ ಕೊಟ್ಟಿಲ್ಲ ಅಂತ ನಮ್ಮ ವಾದ. ಆರು ಕೊಟ್ಟೆ, ಮೊದಲಿನ ಎರಡು ಸೇರಿ ಎಂಟು ಮುಗಿಯಿತು ಅಂತ ಅವನದು.

“ಇವ್ರೇ ಆಡಿದ್ದು ಅನ್ನೋಕೆ ಏನಿದೆ?” ವಕೀಲಮ್ಮ ಕೇಳಿದರು.

ಅವನು ಶೂ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಒಳಗೆ ಕೈಪಟ್ಟಿಗಳು, ಆರು ಜೊತೆ. ಗ್ಲೌಸ್ ಹಾಕುವ ಮೊದಲು ಸುತ್ತುವ ಬಟ್ಟೆ, ಮೇಲೆ ಟೇಪು, ಟೇಪಿನ ಮೇಲೆ ಎದುರು ಕಡೆಯವನು ನಿಂತು ನೋಡಿ ಹಾಕಿದ ಸಹಿ. ಪಂದ್ಯ ಮುಗಿದ ಮೇಲೆ ಅಂಗೈ ಬದಿಯಿಂದ ಕತ್ತರಿಸಿ ತೆಗೆಯುತ್ತೇವೆ. ಬೆವರು ಒಣಗಿ ಮುಷ್ಟಿಯ ಆಕಾರದಲ್ಲೇ ಗಟ್ಟಿಯಾಗಿರುತ್ತದೆ. ನಾವೆಲ್ಲ ಕಸಕ್ಕೆ ಎಸೆಯುತ್ತೇವೆ. ಇವನು ಎತ್ತಿಟ್ಟಿದ್ದ.

“ಹಾಕ್ಕೊಂಡು ನೋಡಮ್ಮ,” ಅಂದ.

ಬೇಡ ಅನ್ನಬಹುದಿತ್ತು. ಕೈ ತೂರಿಸಿದೆ. ಸರಿಯಾಗಿ ಕೂತಿತು. ನನ್ನ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿದ್ದು. ಆ ಸೊಟ್ಟಕ್ಕೂ ಅಲ್ಲಿ ಜಾಗವಿತ್ತು. ಒಳಗೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೈ ತೆಗೆದ ಹಾಗೆ.

ಮಂಡಳಿಯವರು ಮಾವನನ್ನು ಕೇಳಿದರು. ಮಾವ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. “ಕಟ್ಟಿರೋ ರೀತಿ ನಂದೇ. ಕಿರುಬೆರಳಿಗೆ ಎರಡು ಸುತ್ತು ಜಾಸ್ತಿ ಹಾಕೋದು ನಾನೊಬ್ನೇ.” ಅದನ್ನು ವಾಪಸ್ ಡಬ್ಬಿಯೊಳಗೆ ಇಡುತ್ತಾ, “ಆದ್ರೆ ನಾನು ಕಟ್ಟಿದ್ ನೆನಪಿಲ್ಲ,” ಅಂದರು.

ಕಟ್ಟಿಲ್ಲ ಅನ್ನಲಿಲ್ಲ. ನೆನಪಿಲ್ಲ ಅಂದರು.

ವಕೀಲಮ್ಮ ನನ್ನನ್ನು ಕಾರಿಡಾರಿಗೆ ಎಳೆದುಕೊಂಡು ಹೋದರು. “ನೀವು ಆಡಿಲ್ಲ ಅಂತ ಹಟ ಹಿಡಿದ್ರೆ ಇನ್ನೂ ಆರು ಪಂದ್ಯ ಬಾಕಿ, ಕೇಸು ಇನ್ನೆರಡು ವರ್ಷ. ಹೂಂ ಅಂದ್ರೆ ಎಂಟೂ ಮುಗೀತು, ಇವತ್ತೇ ಬಿಡುಗಡೆ. ಅವರ ಸುಳ್ಳು ಅವರಿಗೇ ತಿರುಗಿಸಿ ಹೊಡೀರಿ.”

ಬುದ್ಧಿವಂತಿಕೆ ಅನ್ನಿಸಿತು. ಮೂರು ಸಾಲಿನ ಹೇಳಿಕೆ: ‘ಸದರಿ ಆರು ಪಂದ್ಯಗಳಲ್ಲಿ ಆಡಿದವಳು ನಾನೇ.’ ಸಹಿ ಹಾಕಿದೆ. ಪ್ರಮೋಟರ್ ಎದ್ದು ಕೈಮುಗಿದ. “ಮಿಂಚುಳ್ಳಿ ಅನ್ನೋ ಹೆಸರೂ ನಿಮಗೇ ಇರ್ಲಿ ತಾಯಿ.” ಕಿತ್ತುಕೊಳ್ಳುವವನು ಕೊಟ್ಟು ಹೋದನಲ್ಲ ಅಂತ ಈಗ ಬರೆಯುವಾಗ ಹೆದರಿಕೆಯಾಗುತ್ತಿದೆ.

ಏಪ್ರಿಲ್ 8

ಬಿಡುಗಡೆ. ಹಾಗಂತ ಹತ್ತು ಸಲ ಹೇಳಿಕೊಂಡೆ. ಮಾವ ಪ್ಯಾಡ್ ಹಿಡಿದರು. ಭುಜ ಇಳಿಸಿದೆ. ಬೈಯಲಿಲ್ಲ.

ಮೇ 2

ಹೊಸ ಆಯೋಜಕರ ಪಂದ್ಯ 24ಕ್ಕೆ ನಿಗದಿಯಾಗಿದೆ. ಗೆದ್ದರೆ ಮುಂದಿನದು ಟೈಟಲ್ಲಿಗೆ. ಇವತ್ತು ವೈದ್ಯಕೀಯ ತಪಾಸಣೆ.

ಮಂಡಳಿಯ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಎಡ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಚೆನ್ನಾಗಿ ಕೂಡಿದೆ. ಏಳೆಂಟು ತಿಂಗಳ ಹಿಂದಿನದು ಇರಬೇಕು,” ಅಂದರು.

ನನಗೆ ಎಂದೂ ಪಕ್ಕೆಲುಬು ಮುರಿದಿಲ್ಲ ಅಂದೆ. ಅವರು ನಗುತ್ತಾ ಫೈಲ್ ತೆರೆದರು. ಮೇಲೆಯೇ ಇತ್ತು ನನ್ನ ಹೇಳಿಕೆಯ ನಕಲು. ಅಂಗಿ ಹಾಕಿಕೊಂಡು ಹೊರಬಿದ್ದೆ.

ಮನೆಗೆ ಬಂದು ಮಾವನಿಗೆ ಹೇಳಿದೆ. “ಹೂಂ, ಮೂರನೇ ಪಂದ್ಯದ್ದು,” ಅಂದರು. “ಅವತ್ತು ರಾತ್ರಿಯೆಲ್ಲ ನರಳಿದ್ಯಲ್ಲ.”

ಅವತ್ತು ನಾನು ಎಲ್ಲಿದ್ದೆ ಅಂತ ಈ ಡೈರಿಯಲ್ಲೇ ಹುಡುಕಿದೆ. ಆ ವಾರ ಏನೂ ಬರೆದಿಲ್ಲ. ಆರೂ ಪಂದ್ಯಗಳ ದಿನ ಏನೂ ಬರೆದಿಲ್ಲ. ಆದರೆ ಕೊನೆಯ ಪಂದ್ಯದ ದಿನ ಪರದೆ ಒಗೆದದ್ದು ನೆನಪಿದೆ. ಸೋಪಿನ ವಾಸನೆ ಸಹಿತ ನೆನಪಿದೆ.

ಮೇ 23, ಬೆಳಗ್ಗೆ 11

ತೂಕ ನೋಡುವ ದಿನ. ಎದ್ದಾಗ ಮಾವ ಇರಲಿಲ್ಲ. ನನ್ನನ್ನು ಬಿಟ್ಟು ಹೊರಟಿದ್ದರು. ಒಬ್ಬಳೇ ಬಸ್ಸಿನಲ್ಲಿ ಹೋದೆ.

“ಮಿಂಚುಳ್ಳೀದು ಆಗ್ಲೇ ಆಯ್ತಲ್ಲ,” ಅಂದ ತೂಕದವನು. ಹಾಳೆ ತೋರಿಸಿದ. 56.9. ಪಕ್ಕದಲ್ಲಿ ನನ್ನ ಸಹಿ, ಕೊನೆಯ ಗೀಟು ಸಹಿತ.

ತೂಕದ ಯಂತ್ರ ಖಾಲಿ ಇತ್ತು. ಸುಮ್ಮನೆ ಹತ್ತಿ ನಿಂತೆ. ಅವನು ನೋಡಲೂ ಇಲ್ಲ.

ಮೇ 24, ಸಂಜೆ 5.30

ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚು. ಬರೆಯುತ್ತಿದ್ದರೆ ಇದ್ದೇನೆ ಅನ್ನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿನ ಹಿಂದೆ ಬಾಗಿಲು ತೆರೆದಿತ್ತು. ಮಾವ ಸ್ಟೂಲಿನ ಮೇಲೆ ಕೂತು ಅವಳ ಕೈಗೆ ಪಟ್ಟಿ ಕಟ್ಟುತ್ತಿದ್ದರು. ಅವಳ ಬೆನ್ನು ನನ್ನ ಕಡೆಗೆ. ಮಾವನ ಮುಖದಲ್ಲಿ ಅಷ್ಟು ಸಮಾಧಾನ ನಾನು ಕಂಡದ್ದೇ ಇಲ್ಲ.

“ಮಾವ,” ಅಂದೆ.

ತಲೆ ಎತ್ತಿದರು. ಗುರುತು ಹಿಡಿಯಲು ನಿಜವಾಗಿಯೂ ಕಷ್ಟಪಟ್ಟರು, ಪಾಪ. “ಯಾರು ಬೇಕಾಗಿತ್ತಮ್ಮ?”

“ನಾನು, ಮಾವ.”

“ಇವಳ ಕೈ ಕಟ್ಟಿ ಮುಗಿಸ್ತೀನಿ. ಅಲ್ಲಿ ತನಕ ಹೊರಗೆ ಕೂತಿರಿ.”

ಕೂತಿರಿ. ಹುಟ್ಟಿದಾಗಿನಿಂದ ಆ ಬಾಯಿ ನನ್ನನ್ನು ಹೀಗೆ ಮಾತಾಡಿಸಿಲ್ಲ. ಬೈಯಲಿ, ಎರಡೇಟು ಹಾಕಲಿ, ಈ ಮರ್ಯಾದೆ ಮಾತ್ರ ಬೇಡ. ಬಂದು ಕೂತೆ. ಕೂರದೆ ಏನು ಮಾಡಲಿ? ಅವಳು ಯಾರೋ ಅಂತ ಕೂಗಲೇ? ಅವಳೇ ನಾನು ಅಂತ ಬರೆದುಕೊಟ್ಟವಳು ನಾನು.

ಮೈಕಿನಲ್ಲಿ ಹೆಸರು ಕೂಗುತ್ತಿದ್ದಾರೆ. ಜನ ಕಾಲಿನಿಂದ ನೆಲ ಬಡಿಯುತ್ತಿದ್ದಾರೆ. ಎದ್ದು ನಿಂತೆ, ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದೇನೆ. ಒಳಗೆ ಅವಳೂ ಎದ್ದಳು. ಈ ಕೋಣೆಗೆ ಇರುವುದು ಒಂದೇ ಬಾಗಿಲು. ಮುಖ ನೋಡಿಯೇ ತೀರುತ್ತೇನೆ. ಮಾವ ಮುಂದೆ ಬಂದರು — ನನ್ನನ್ನು ದಾಟಿ ಹೋದರು — ಹಿಂದೆ ಅವಳು, ತಲೆ ಬಗ್ಗಿಸಿ... ನಿಂತಳು. ಈ ಕಡೆ ತಿರುಗಿ